ಗ್ರೇಸ್ ಹಾಪರ್: ಯಂತ್ರಕ್ಕೆ ಮನುಷ್ಯರ ಮಾತು ತಿಳಿಸಿದಾಕೆ

ನಮ್ಮದು ನವಲಗುಂದ ತಾಲೂಕಿನ ಒಂದು ಹಳ್ಳಿ. ಹೋದ ವರ್ಷ ಹೊಲದ ಉತಾರದಲ್ಲಿ ನಮ್ಮ ಅಜ್ಜನ ಹೆಸರು ತಪ್ಪಾಗಿ ಬಂದು ಬೆಳೆಸಾಲ ನಿಂತುಹೋಯಿತು. ತಪ್ಪು ಎಲ್ಲಿ ನುಸುಳಿತೆಂಬುದು ಯಾರಿಗೂ ತಿಳಿಯಲಿಲ್ಲ. ಉತಾರದ ಮೇಲಿದ್ದ ಹಕ್ಕು ಬದಲಾವಣೆಯ ನಂಬರು ಹಿಡಿದು ಹಳೆಯ ಪುಸ್ತಕ ತೆಗೆಸಿದಾಗ, ಅಲ್ಲಿ ಹೆಸರು ಸರಿಯಾಗಿಯೇ ಇತ್ತು. ನಕಲು ಮಾಡುವಾಗ ಒಂದಕ್ಷರ ಜಾರಿತ್ತು. ಗಣಕಯಂತ್ರದ ಪಾಠ ಓದುವಾಗ ಗ್ರೇಸ್ ಹಾಪರ್ ಎಂಬ ವಿದುಷಿಯ ಚರಿತ್ರೆ ನನಗೆ ಹಿಡಿಸಿದ್ದು ಈ ಕಾರಣದಿಂದಲೇ.

ಅವರು ಜನಿಸಿದ್ದು 1906ರ ಡಿಸೆಂಬರ 9ರಂದು, ನ್ಯೂಯಾರ್ಕಿನಲ್ಲಿ. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದು, ವಾಸರ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದರು. ಮಹಾಯುದ್ಧದ ಕಾಲಕ್ಕೆ, 1943ರಲ್ಲಿ ನೌಕಾದಳ ಸೇರಿ, ಮರುವರ್ಷ ಹಾರ್ವರ್ಡಿನ ಮಾರ್ಕ್-1 ಯಂತ್ರದ ಕೆಲಸಕ್ಕೆ ನಿಂತರು. 1947ರಲ್ಲಿ ಅಲ್ಲಿಯ ಮಾರ್ಕ್-2 ಯಂತ್ರದೊಳಗೆ ಸಿಕ್ಕ ಪತಂಗವೊಂದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಲಾಯಿತು. ದೋಷಕ್ಕೆ ‘ಬಗ್’ ಎಂಬ ಹೆಸರು ಎಂಜಿನಿಯರರಲ್ಲಿ ಅದಕ್ಕೂ ಮೊದಲೇ ಇತ್ತು. ಆ ಕಥೆಯನ್ನು ಲೋಕಕ್ಕೆ ಹಬ್ಬಿಸಿದವರು ಹಾಪರ್.

ಆಗಿನವರು ಒಬ್ಬರ ಪುಸ್ತಕದ ಆಜ್ಞೆಗಳನ್ನು ಇನ್ನೊಬ್ಬರು ಕೈಯಿಂದ ನಕಲಿಸಿಕೊಳ್ಳುತ್ತಿದ್ದರು. ನಕಲಿನಲ್ಲಿ ತಪ್ಪು, ಕೂಡಿಸುವುದರಲ್ಲಿ ತಪ್ಪು! ಈ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದೆಂದು ಯೋಚಿಸಿ ಅವರು 1952ರಲ್ಲಿ ಎ-0 ಎಂಬ ಕಂಪೈಲರನ್ನು ರಚಿಸಿದರು. ಟೇಪಿನ ಮೇಲಿನ ಉಪಕ್ರಮಗಳನ್ನು ನಂಬರಿನಿಂದ ಕರೆದು ಜೋಡಿಸುವುದು ಅದರ ಕೆಲಸ. ಮುಂದೆ ಇಂಗ್ಲಿಷ್ ಶಬ್ದಗಳಲ್ಲಿಯೇ ಆಜ್ಞೆ ಬರೆಯಬಹುದಾದ ಫ್ಲೋ-ಮ್ಯಾಟಿಕ್ ಭಾಷೆಯನ್ನು ಅವರ ತಂಡ ಸಿದ್ಧಪಡಿಸಿತು. 1959ರಲ್ಲಿ ಆರಂಭವಾದ ಕೋಬಾಲ್ ಭಾಷೆಗೆ ಅದು ಬುನಾದಿಯಾಯಿತು.

ಆದರೆ ಇಲ್ಲಿ ಹೊಸ ತೊಡಕೊಂದು ಹುಟ್ಟಿತು. ಬರೆದದ್ದು ಒಂದು, ಓಡುವುದು ಇನ್ನೊಂದು. ಯಂತ್ರವು ತಪ್ಪಿ ನಿಂತರೆ ತೋರಿಸುವುದು ತನ್ನ ಅಂಕಿಗಳನ್ನು. ಬರೆದವನಿಗೆ ಅದರ ಗುರುತೇ ಹತ್ತದು. ಅದಕ್ಕಾಗಿ ಹಾಪರರ ತರುವಾಯದವರು ಕಂಪೈಲರಿನಿಂದಲೇ ಒಂದು ಪಟ್ಟಿ ಬರೆಸತೊಡಗಿದರು: ಯಂತ್ರದ ಈ ಆಜ್ಞೆ ಮೂಲದ ಯಾವ ಕಡತದ, ಎಷ್ಟನೆಯ ಸಾಲಿನದು ಎಂದು. ಇಂದು ಅಂತರಜಾಲದ ಪುಟಗಳಿಗೆಂದು ಕ್ರಮವಿಧಿಗಳನ್ನು ಹೆಸರು ಮೊಟಕುಗೊಳಿಸಿ, ಸಾಲು ಕೂಡಿಸಿ ಬರೆಯುವಾಗಲೂ ‘ಸೋರ್ಸ್ ಮ್ಯಾಪ್’ ಎಂಬ ಇಂಥ ಪಟ್ಟಿಯನ್ನೇ ಇಡುತ್ತಾರೆ. ಪಟ್ಟಿ ಹಳೆಯದಾಗಿ ಮೂಲ ಬದಲಾಗಿದ್ದರೆ ಬೆರಳು ತಪ್ಪು ಸಾಲನ್ನೇ ತೋರಿಸುವುದು. ತಿದ್ದಬೇಕಾದದ್ದಂತೂ ಮೂಲವನ್ನೇ, ನಕಲನ್ನು ತಿದ್ದಿದರೆ ಮರುಸಲ ಅದೇ ತಪ್ಪು ಹುಟ್ಟುತ್ತದೆ. ನಮ್ಮ ಅಜ್ಜನ ಪ್ರಸಂಗದಲ್ಲಿ ಮೂಲ ಸರಿಯಿದ್ದುದು ನಮ್ಮ ಪುಣ್ಯ.

ಹಾಪರರು 79ನೆಯ ವಯಸ್ಸಿನಲ್ಲಿ, 1986ರಲ್ಲಿ, ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು.

ಆ ನಂಬರು ಇಲ್ಲದಿದ್ದರೆ ಅಜ್ಜ ಇನ್ನೂ ಕಚೇರಿಗೆ ಅಲೆಯುತ್ತಿದ್ದನೋ ಏನೋ. ಯಂತ್ರವು ಬರೆದುಕೊಡುವ ಕಾಗದ ಹೆಚ್ಚುತ್ತಿರುವ ಈ ಕಾಲದಲ್ಲಿ, ಮೂಲಕ್ಕೆ ಮರಳುವ ದಾರಿಯನ್ನು ಬರೆದಿಡುವುದು ಓದಿದವರ ಹೊಣೆಯೆಂದು ನನಗೆ ತೋರುತ್ತದೆ.