ಬಾನಿಗೆ ಸೋಪಾನ ಕಲ್ಪಿಸಿದ ಶಾಲಾಶಿಕ್ಷಕ

ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೇ ತುಳಿಯದೆ ವಿಜ್ಞಾನದಲ್ಲಿ ಯುಗಪ್ರವರ್ತಕರಾದವರು ವಿರಳ. ಅಂತಹ ವಿರಳರಲ್ಲಿ ರಷ್ಯಾದ ಕಾನ್‌ಸ್ಟಾಂಟಿನ್ ತ್ಸಿಯೊಲ್ಕೋವ್‌ಸ್ಕಿ ಒಬ್ಬರು. 1857ರ ಸೆಪ್ಟೆಂಬರ್ 17ರಂದು ರಿಯಾಜಾನ್ ಪ್ರಾಂತದ ಇಝೆವ್‌ಸ್ಕೊಯೆ ಗ್ರಾಮದಲ್ಲಿ ಅವರು ಜನಿಸಿದರು. ಸುಮಾರು ಹತ್ತನೆಯ ವಯಸ್ಸಿನಲ್ಲಿ ಬಂದೆರಗಿದ ವಿಷಮ ಜ್ವರವೊಂದು ಅವರ ಶ್ರವಣಶಕ್ತಿಯನ್ನು ಬಹುಮಟ್ಟಿಗೆ ಅಪಹರಿಸಿತು. 1870ರಲ್ಲಿ ಮಾತೃವಿಯೋಗವೂ ಒದಗಿತು. ಪಾಠ ಕೇಳಲಾಗದ ಬಾಲಕನಿಗೆ ಶಾಲೆಯ ಬಾಗಿಲು ಮುಚ್ಚಿದಾಗ ಗ್ರಂಥಗಳೇ ಗುರುಗಳಾದುವು. ಹದಿನಾರನೆಯ ವಯಸ್ಸಿನಲ್ಲಿ ಮಾಸ್ಕೋಗೆ ತೆರಳಿ, ಮೂರು ವರ್ಷಕಾಲ ಅರೆಹೊಟ್ಟೆಯಲ್ಲಿದ್ದು ಗ್ರಂಥಾಲಯದಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಸ್ವಾಧ್ಯಾಯದಿಂದ ಕರಗತ ಮಾಡಿಕೊಂಡರು.

1880ರಲ್ಲಿ ಬೊರೊವ್‌ಸ್ಕ್ ಎಂಬ ಸಣ್ಣ ಪಟ್ಟಣದಲ್ಲಿ ಉಪಾಧ್ಯಾಯರಾದರು. 1892ರಲ್ಲಿ ಕಲುಗಕ್ಕೆ ಬಂದು ಅಲ್ಲಿಯೇ ಜೀವಿತವನ್ನು ಸವೆಸಿದರು. ಹಗಲು ಮಕ್ಕಳಿಗೆ ಪಾಠ, ಉಳಿದ ವೇಳೆ ಲೆಕ್ಕಾಚಾರ ಮತ್ತು ಪ್ರಯೋಗ. ಅಲ್ಪ ವೇತನದಲ್ಲಿಯೇ ಉಪಕರಣಗಳ ವೆಚ್ಚವನ್ನೂ ಭರಿಸಬೇಕಾಗಿತ್ತು.

ಪ್ಯಾರಿಸಿನಲ್ಲಿ 1889ರಲ್ಲಿ ಮುನ್ನೂರು ಮೀಟರಿನ ಐಫೆಲ್ ಗೋಪುರವು ತಲೆಯೆತ್ತಿತ್ತು. ಇಂತಹ ಗೋಪುರವು ಬೆಳೆಯುತ್ತಲೇ ಹೋದರೆ ಏನಾಗಬಹುದೆಂದು ಅವರು 1895ರ ತಮ್ಮ ಕೃತಿಯೊಂದರಲ್ಲಿ ವಿವೇಚಿಸಿದರು. ಮೇಲೇರಿದಂತೆ ಗುರುತ್ವ ಕುಗ್ಗುತ್ತದೆ. ಭೂಮಿಯೊಡನೆ ತಿರುಗುವುದರಿಂದ ಹೊರಕ್ಕೆ ಸೆಳೆಯುವ ಬಲ ಹೆಚ್ಚುತ್ತದೆ. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇವೆರಡೂ ಸಮವಾಗಿ, ತೂಕವೇ ಇಲ್ಲವಾಗುತ್ತದೆ. ಇದು ಕಟ್ಟಲು ಹಾಕಿದ ಯೋಜನೆಯಲ್ಲ, ಚಿಂತನೆಯ ಪ್ರಯೋಗ. ಅಂತಹ ಗೋಪುರದ ಭಾರವನ್ನು ಅದರ ಬುಡ ತಾಳಲಾರದು.

ಆದುದರಿಂದ ಅವರು ಸಾಧ್ಯವಾದ ಮಾರ್ಗವನ್ನು ಹಿಡಿದರು. ರಾಕೆಟ್ಟಿನಿಂದ ಅಂತರಿಕ್ಷಯಾನ ಸಾಧ್ಯವೆಂಬುದನ್ನು ಗಣಿತದಿಂದ ತೋರಿದ ಲೇಖನವು 1903ರಲ್ಲಿ ಪ್ರಕಟವಾಯಿತು. ಆ ಸೂತ್ರವೇ ರಾಕೆಟ್ಟಿನ ಮಿತಿಯನ್ನೂ ಸಾರುತ್ತದೆ: ವೇಗ ಹೆಚ್ಚಬೇಕಾದರೆ ಇಂಧನದ ಹೊರೆ ಅದಕ್ಕಿಂತಲೂ ಬಹುಪಾಲು ಹೆಚ್ಚಬೇಕು. ಸೋಪಾನದಲ್ಲಿ ಏರುವ ವಾಹನಕ್ಕಾದರೋ ಇಂಧನವನ್ನು ಹೊತ್ತೊಯ್ಯುವ ಕಷ್ಟವಿಲ್ಲ. ವಿದ್ಯುತ್ತನ್ನು ಹೊರಗಿನಿಂದಲೇ ಒದಗಿಸಬಹುದು.

1935ರ ಸೆಪ್ಟೆಂಬರ್ 19ರಂದು ಅವರು ನಿಧನರಾದರು. 1960ರಲ್ಲಿ ಅವರ ದೇಶದವರೇ ಆದ ಯೂರಿ ಆರ್ಟ್ಸುತಾನೊವ್ ಆ ಕಲ್ಪನೆಯನ್ನು ತಿರುವು ಮಾಡಿದರು: ನೆಲದಿಂದ ಗೋಪುರವನ್ನು ಎಬ್ಬಿಸುವ ಬದಲು, ಆ ಎತ್ತರದ ಉಪಗ್ರಹದಿಂದ ಹಗ್ಗವನ್ನು ಇಳಿಬಿಟ್ಟು, ಮೇಲ್ಗಡೆ ಪ್ರತಿಭಾರದಿಂದ ಬಿಗಿಹಿಡಿಯುವುದು. ಆದರೆ ತನ್ನ ಭಾರವನ್ನೇ ತಾಳುವಷ್ಟು ಹಗುರವೂ ದೃಢವೂ ಆದ ಹಗ್ಗ ಬೇಕು, ಉಕ್ಕು ಸಾಲದು. ಇಂಗಾಲದ ಅತಿಸೂಕ್ಷ್ಮ ನಳಿಕೆಗಳು ಆಶೆ ಹುಟ್ಟಿಸಿದರೂ ಅವುಗಳಿಂದ ಅಷ್ಟುದ್ದದ ಹಗ್ಗವನ್ನು ಹೊಸೆಯಲು ಇನ್ನೂ ಸಾಧ್ಯವಾಗಿಲ್ಲ. ಸಿಡಿಲು, ಬಿರುಗಾಳಿ, ಭೂಮಿಯನ್ನು ಸುತ್ತುವ ಉಪಗ್ರಹಗಳು ಹಾಗೂ ಅವುಗಳ ಚೂರುಗಳ ಅಪಾಯ ಬೇರೆ.

1961ರಲ್ಲಿ ಅಂತರಿಕ್ಷವನ್ನು ಮೊದಲು ಕಂಡ ಯೂರಿ ಗಗಾರಿನ್ ಅದೇ ವರ್ಷ ಕಲುಗಕ್ಕೆ ಬಂದು, ಈ ಮಹನೀಯರ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಅಡಿಗಲ್ಲನ್ನಿಟ್ಟರು. ಅವರ ರಾಕೆಟ್ ಫಲಿಸಿತು, ಸೋಪಾನವಿನ್ನೂ ಕನಸು. ಕನಸನ್ನು ಲೆಕ್ಕಕ್ಕೆ ಒಡ್ಡಿ, ಲೆಕ್ಕ ಒಪ್ಪಿದುದನ್ನು ಸಾಧಿಸಹೊರಟು, ಒಪ್ಪದುದನ್ನು ಮುಂದಿನವರಿಗೆ ಬಿಟ್ಟುಹೋದ ಈ ಉಪಾಧ್ಯಾಯರ ಜೀವನ ಗುರುವೃತ್ತಿಗೇ ಒಂದು ಭೂಷಣ.