ಉಮರ್‌ರ(ರ) ತಟ್ಟೆಯಲ್ಲಿ ಉಂಡ ಮುಐಕೀಬ್(ರ)

ಹಝ್ರತ್ ಉಮರ್(ರ)ರ ನ್ಯಾಯ, ಸರಳತೆಯ ಬಗ್ಗೆ ನೀವು ಬಹಳ ಓದಿರುತ್ತೀರಿ. ಅವರ ಕಾಲದಲ್ಲಿ ಬೈತುಲ್ ಮಾಲ್‌ನ ಹೊಣೆ ಹೊತ್ತಿದ್ದ ಸಹಾಬಿಯೊಬ್ಬರು ಕುಷ್ಠರೋಗಿಯಾಗಿದ್ದರೆಂಬುದು ನಿಮಗೆ ಗೊತ್ತೇ? ಅವರೇ ಮುಐಕೀಬ್ ಬಿನ್ ಅಬೀ ಫಾತಿಮಾ(ರ).

ದೌಸ್ ಗೋತ್ರದವರು. ಮಕ್ಕಾದಲ್ಲಿ ಬಹಳ ಮೊದಲೇ ಇಸ್ಲಾಮ್ ಸ್ವೀಕರಿಸಿ ಅಬಿಸೀನಿಯಾಕ್ಕೆ ಹಿಜ್ರತ್ ಹೋದವರು. ಮುಂದೆ ಪ್ರವಾದಿವರ್ಯರ(ಸ) ಮುದ್ರೆಯುಂಗುರವನ್ನು ಕಾಪಾಡುವ ಕೆಲಸ ಅವರಿಗೆ ಬಂತು. ರಾಜರುಗಳಿಗೆ ಕಳಿಸುವ ಪತ್ರಗಳ ಮೇಲೆ ಒತ್ತುತ್ತಿದ್ದ ಬೆಳ್ಳಿಯುಂಗುರ ಅದು. ಅದನ್ನು ಯಾರ ಕೈಗೆ ಕೊಡುತ್ತಾರೆ, ನೀವೇ ಯೋಚಿಸಿ.

ಇಂಥವರಿಗೆ ಜುದಾಮ್ ಬಂತು. ಉಮರ್(ರ) ಅವರನ್ನು ಹುದ್ದೆಯಿಂದ ಇಳಿಸಲಿಲ್ಲ, ಊರಾಚೆ ಗುಡಿಸಲು ಕಟ್ಟಿಸಲಿಲ್ಲ. ಮದ್ದು ಬಲ್ಲವರಿದ್ದಾರೆಂದು ಕೇಳಿದಲ್ಲೆಲ್ಲ ವಿಚಾರಿಸಿದರು. ಯಮನಿನಿಂದ ಬಂದ ಇಬ್ಬರು, ಹಂಝಲ್ ಎಂಬ ಮರುಭೂಮಿಯ ಕಹಿ ಕಾಯಿಗಳನ್ನು ಬುಟ್ಟಿಗಟ್ಟಲೆ ತರಿಸಿ, ಸೀಳಿ, ಮುಐಕೀಬರ ಅಂಗಾಲುಗಳಿಗೆ ಉಜ್ಜಿದರು. ರೋಗ ಗುಣವಾಗದಿದ್ದರೂ ಮುಂದೆ ಹೆಚ್ಚಲಿಲ್ಲವೆಂದು ಇಬ್ನು ಸಅದ್ ಬರೆದಿದ್ದಾರೆ. ಖಲೀಫರು ಅವರನ್ನು ಊಟಕ್ಕೆ ಜೊತೆಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ತಮ್ಮ ಮುಂದಿನ ಭಾಗದಿಂದಲೇ ತಿನ್ನಲು ಹೇಳುತ್ತಿದ್ದರು. ಮುಐಕೀಬ್ ನೀರು ಕುಡಿದು ಕೊಟ್ಟ ಪಾತ್ರೆಯಲ್ಲಿ, ಅವರು ಬಾಯಿಟ್ಟ ಜಾಗದಲ್ಲೇ ಬಾಯಿಟ್ಟು ಕುಡಿದರೆಂಬ ವರದಿಯೂ ಇದೆ.

ಕುಷ್ಠರೋಗಿಯಿಂದ ದೂರವಿರಲು ಹೇಳುವ ಹದೀಸ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಬುಖಾರಿಯಲ್ಲೇ ಇದೆ. ಆದರೆ ಅದೊಂದನ್ನೇ ಬಾಯಿಪಾಠ ಮಾಡಿ, ಸಫ್ಫಿನಲ್ಲಿ ಪಕ್ಕಕ್ಕೆ ಬಂದು ನಿಂತವನಿಂದ ಸರಿದು ನಿಲ್ಲುವವರು ಈ ತಟ್ಟೆಯನ್ನೂ ನೋಡಬೇಕು. ಅಲ್ಲಿ ಎಚ್ಚರಿಕೆಯೂ ಇತ್ತು, ಜೊತೆಯೂ ಇತ್ತು. ಹೇಸಿಗೆ ಮಾತ್ರ ಇರಲಿಲ್ಲ.

ಆ ಕಾಲದಲ್ಲಿ ಇದ್ದದ್ದು ಹಂಝಲ್ ಒಂದೇ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ರೋಗಾಣುವನ್ನು ಕಂಡುಹಿಡಿದರು. ಅದು ಶಾಪವಲ್ಲ, ವಂಶದ ದೋಷವೂ ಅಲ್ಲವೆಂದು ತಿಳಿಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ 6 ಅಥವಾ 12 ತಿಂಗಳಲ್ಲಿ ರೋಗ ಗುಣವಾಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಮದ್ದು ಶುರುವಾದ ಮೇಲೆ ರೋಗಿಯಿಂದ ಇನ್ನೊಬ್ಬರಿಗೆ ಹರಡುವುದು ಬೇಗನೆ ನಿಲ್ಲುತ್ತದೆ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಬಚ್ಚಿಡಬೇಡಿ. ಬೆರಳುಗಳು ಹೋಗುವುದು ಬಚ್ಚಿಟ್ಟದ್ದರಿಂದ, ತಡಮಾಡಿದ್ದರಿಂದ. ಬಚ್ಚಿಡುವಂತೆ ಮಾಡುವುದು ನಮ್ಮ ನಾಲಗೆ. ಅಣ್ಣನಿಗೆ ರೋಗವೆಂದು ತಂಗಿಯ ನಿಕಾಹ್ ಮುರಿಯುವವರು ನಾವೇ ತಾನೇ?

ಕಾನೂನೂ ಬಹಳ ಕಾಲ ಹೀಗೆಯೇ ಇತ್ತು. 1939ರ ಮುಸ್ಲಿಮ್ ವಿವಾಹ ವಿಸರ್ಜನೆ ಕಾಯಿದೆಯಲ್ಲಿ ಗಂಡನ ಕುಷ್ಠರೋಗವು ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ಇತರ ಧರ್ಮೀಯರ ವಿವಾಹ ಕಾಯಿದೆಗಳಲ್ಲೂ ಇಂಥದ್ದೇ ಇತ್ತು. 2019ರಲ್ಲಿ ಸಂಸತ್ತು ಅವನ್ನೆಲ್ಲ ತೆಗೆದುಹಾಕಿತು.

ಇನ್ನು ಮುಐಕೀಬರ(ರ) ಕೈಯ ವಿಷಯ. ವಕ್ಫ್‌ನ ಮಾತು ಬಂದಾಗಲೆಲ್ಲ ಉಮರ್(ರ) ತಮ್ಮ ಖೈಬರಿನ ಜಮೀನನ್ನು ವಕ್ಫ್ ಮಾಡಿದ್ದನ್ನು ನಮ್ಮ ಉಲಮಾಗಳು ಹೇಳುತ್ತಾರೆ. ಮಾರಬಾರದು, ದಾನ ಕೊಡಬಾರದು, ಉತ್ಪತ್ತಿ ಬಡವರಿಗೂ ಬಂಧುಗಳಿಗೂ ಪ್ರಯಾಣಿಕರಿಗೂ ಸೇರಬೇಕೆಂಬ ಆ ಪತ್ರದ ಒಕ್ಕಣೆ ಅಬೂ ದಾವೂದ್‌ನಲ್ಲಿ ಉಳಿದಿದೆ. ಅದರ ಕೊನೆಯಲ್ಲಿ ಬರೆದವರ ಹೆಸರಿದೆ: ಮುಐಕೀಬ್.