ಆಟದ ಹುಚ್ಚಿಗೆ ರಾಜ್ಯ ಹೋಯಿತೇ? ಮುಮ್ಮಡಿ ಕೃಷ್ಣರಾಜ ಒಡೆಯರ್ ಮತ್ತು ಚದುರಂಗದ ಕುದುರೆ

ಸದಾ ಆಟದಲ್ಲೇ ಮುಳುಗಿದ್ದ ರಾಜ, ಅದಕ್ಕೇ ರಾಜ್ಯ ಕಳೆದುಕೊಂಡ ಎಂದು ಮುಮ್ಮಡಿ ಕೃಷ್ಣರಾಜ ಒಡೆಯರ್ ಬಗ್ಗೆ ಯಾರಾದರೂ ಹೇಳಿದರೆ, ಮುಂದಕ್ಕೆ ಕಳಿಸುವ ಮೊದಲು ಇಸವಿಗಳನ್ನು ನೋಡೋಣ.

ಅವರು ಹುಟ್ಟಿದ್ದು 1794ರಲ್ಲಿ. ಟಿಪ್ಪು ಮಡಿದ ಮೇಲೆ, 1799ರಲ್ಲಿ, ಐದನೇ ವರ್ಷಕ್ಕೇ ಪಟ್ಟವಾಯಿತು. ದೊಡ್ಡವರಾಗುವ ತನಕ ಆಡಳಿತ ನೋಡಿಕೊಂಡವರು ದಿವಾನ್ ಪೂರ್ಣಯ್ಯ. 1830ರಲ್ಲಿ ಶಿವಮೊಗ್ಗದಿಂದ ಕೊಪ್ಪದ ಕಡೆಯವರೆಗೆ ಹಬ್ಬಿದ್ದ ನಗರ ಸೀಮೆಯಲ್ಲಿ ಕಂದಾಯದ ಹೊರೆ ತಾಳದೆ ರೈತರು ದಂಗೆ ಎದ್ದರು. ಅರಮನೆಯ ಸಾಲ, ದುಂದುವೆಚ್ಚದ ದೂರುಗಳೂ ಇದ್ದವು. ದುರಾಡಳಿತದ ಕಾರಣ ಕೊಟ್ಟು 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಆಗ ಅವರಿಗೆ 37 ವರ್ಷ. ಮುಂದಿನ 37 ವರ್ಷ, 1868ರಲ್ಲಿ ತೀರಿಕೊಳ್ಳುವ ತನಕ, ಅವರು ಹೆಸರಿಗಷ್ಟೇ ಅರಸರು.

ಹೆಸರು ತಂದ ಚದುರಂಗದ ಲೆಕ್ಕಗಳು ಈ ಎರಡನೇ ಅವಧಿಯವು. ಅಂದರೆ ರಾಜ್ಯ ಹೋದದ್ದು ಮೊದಲು, ಈ ಕೆಲಸ ಆಮೇಲೆ. ಅವರ ಶ್ರೀತತ್ತ್ವನಿಧಿಯ ಒಂಬತ್ತನೇ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಒಂದೇ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಂಚಾರಗಳನ್ನೂ ಅವರು ರಚಿಸಿದರು.

ಹೊಸಬರು ತಪ್ಪುವುದೂ ಈ ಕುದುರೆಯಲ್ಲೇ. ಮಣೆಯ ನಡುವಿನ 16 ಮನೆಗಳಲ್ಲಿ ಕುದುರೆಗೆ 8 ದಾರಿ. ಅಂಚಿಗೆ ಬಂದರೆ 4 ಅಥವಾ 3, ಮೂಲೆಯಲ್ಲಿ ಬರೀ 2. ಹಾಗಾಗಿ ಆಟದ ಶುರುವಿನಲ್ಲೇ ಕುದುರೆಯನ್ನು ಅಂಚಿಗೆ ಹಾರಿಸಿದರೆ ಅದರ ಬಲದಲ್ಲಿ ಅರ್ಧ ಹೋದಂತೆ. ಇನ್ನೊಂದು ತಪ್ಪು, ಎದುರಾಳಿಯ ಕುದುರೆ ಒಂದೇ ನೆಗೆತದಲ್ಲಿ ರಾಜ ಮತ್ತು ಮಂತ್ರಿ ಎರಡಕ್ಕೂ ಗುರಿಯಿಡುವುದನ್ನು ಗಮನಿಸದಿರುವುದು. ಬಿಳಿ ಮನೆಯ ಕುದುರೆ ಹಾರುವುದು ಕಪ್ಪು ಮನೆಗೇ. ನಮ್ಮ ರಾಜ, ಮಂತ್ರಿ ಎರಡೂ ಒಂದೇ ಬಣ್ಣದ ಮನೆಯಲ್ಲಿದ್ದಾಗ ಎಚ್ಚರ ಬೇಕು.

ಸಂಚಾರದಲ್ಲಿ ತಪ್ಪು ತಿರುವುಮುರುವು: ಹೊಸಬರು ನಡುವಿನಲ್ಲೇ ಓಡಾಡಿ ಮೂಲೆಗಳನ್ನು ಕೊನೆಗೆ ಬಿಡುತ್ತಾರೆ. ಅಷ್ಟರಲ್ಲಿ ಮೂಲೆಯ ಎರಡು ದಾರಿಯೂ ಮುಚ್ಚಿರುತ್ತವೆ. ಕಡಿಮೆ ದಾರಿಯಿರುವ ಮನೆಗೆ ಮೊದಲು ಹೋಗಿ ಎಂಬ ಸೂತ್ರವನ್ನು 1823ರಲ್ಲಿ ವಾರ್ನ್ಸ್‌ಡಾರ್ಫ್ ಎಂಬವರು ಪ್ರಕಟಿಸಿದರು.

64 ಮನೆ ಗೀಚಿ, 1ರಿಂದ ಅಂಕಿ ಹಾಕುತ್ತಾ ಮಕ್ಕಳೊಂದಿಗೆ ಆಡಿನೋಡಿ. ಅಂದಹಾಗೆ, ದತ್ತುಪುತ್ರನಿಗೇ ಪಟ್ಟ ಸಿಗಬೇಕೆಂದು ಅರಸರು ಪಟ್ಟುಹಿಡಿದರು, ಬ್ರಿಟಿಷರು ಒಪ್ಪಿದರು. 1881ರಲ್ಲಿ ಆಡಳಿತ ಆ ಮಗ ಚಾಮರಾಜೇಂದ್ರ ಒಡೆಯರ್ ಕೈಗೆ ಮರಳಿತು.